ಡ್ರೂಯಿಡ್ ಪಾಠಕ್ಕೆ ಸೇರಿ ಮುಗಿಸಿದ ಕತೆ

ಡ್ರೂಯಿಡ್ ಅಂದರೆ ಬ್ರಿಟನ್ ಕಡೆಯ ಪ್ರಾಚೀನ ಕಾಲದ ಪುರೋಹಿತರು. ಅವರ ಹೆಸರಿನಲ್ಲಿ ಈಗ ನಡೆಯುವ ಒಂದು ಪಾಠಕ್ಕೆ ನಾನು ಸೇರಿದ್ದೆ. ಅದರ ಮೊದಲ ಹಂತವಾದ ಬಾರ್ಡ್‌ನ ಕೊನೆಯ ವರದಿ ಕಳಿಸಿದೆ, ಅದಕ್ಕೆ ಉತ್ತರವೂ ಬಂತು. ಒಂದು ವರ್ಷದಲ್ಲಿ ಮುಗಿಸಬಹುದಾದ ಪಾಠವನ್ನು ನಾನು ಎರಡು ವರ್ಷದ ಹತ್ತಿರ ಎಳೆದೆ. ಈ ಮಧ್ಯೆ ಇಲ್ಲಿನ ಕನ್ನಡದವರು ಸಿಕ್ಕಾಗಲೆಲ್ಲ ಕೇಳಿದ್ದು ಮೂರೇ ಪ್ರಶ್ನೆ. ಇದು ಮಾಟಮಂತ್ರನಾ? ಮತಾಂತರ ಆಗಬೇಕಾ? ಎಷ್ಟು ದುಡ್ಡು? ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ನಡೆದ ಕ್ರಮದಲ್ಲೇ ಹೇಳುತ್ತೇನೆ, ಯಾಕಂದ್ರೆ ನನ್ನನ್ನು ಸತಾಯಿಸಿದ್ದು ಯಾರೂ ಕೇಳದ ವಿಷಯಗಳೇ.

ನಾನು ಪುತ್ತೂರಿನ ಕಡೆಯವಳು, ಈಗ ಇರುವುದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. ಇಲ್ಲಿಂದ 49ನೇ ನಂಬರ್ ಬಸ್ಸು ಹತ್ತಿದರೆ ಏವ್‌ಬರಿ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ 300 ಮೀಟರಿಗಿಂತ ಅಗಲವಾದ ಒಂದು ಕಲ್ಲಿನ ವೃತ್ತ ಇದೆ. 4,000 ವರ್ಷಕ್ಕಿಂತ ಹಳೆಯದು. ವೃತ್ತದ ಒಳಗೇ ಮನೆಗಳು, ರಸ್ತೆ, ಒಂದು ಪಬ್ಬು. ಕಲ್ಲಿನ ಮಧ್ಯೆ ಕುರಿಗಳು ಮೇಯುತ್ತಿರುತ್ತವೆ. ಇನ್ನೂ ಹೆಸರಾದ ಕಲ್ಲಿನ ವೃತ್ತ ಸ್ಟೋನ್‌ಹೆಂಜ್‌ನ ಹಾಗೆ ದೂರ ನಿಂತು ನೋಡಬೇಕಾಗಿಲ್ಲ, ಕಲ್ಲಿಗೆ ಬೆನ್ನು ಕೊಟ್ಟು ಕೂತುಕೊಳ್ಳಬಹುದು. ಪೂರ್ವದ ದಿಬ್ಬದ ಮೇಲೆ ದೊಡ್ಡ ಬೀಚ್ ಮರಗಳಿವೆ. ಬೇರುಗಳೆಲ್ಲ ಮಣ್ಣಿನ ಮೇಲೇ ಹೆಣೆದುಕೊಂಡಿವೆ, ಕೊಂಬೆಗಳಿಗೆ ಜನ ಬಣ್ಣಬಣ್ಣದ ಪಟ್ಟಿ ಕಟ್ಟಿರುತ್ತಾರೆ. ಮೊದಲ ಸಲ ನೋಡಿದಾಗ ಹರಕೆ ಕಟ್ಟಿದ್ದಾರೆ ಅಂತಲೇ ಅಂದುಕೊಂಡೆ. ಸುಮಾರು ಹಾಗೇ ಅಂತೆ. ಹೇಳಿದವರು ಅಲ್ಲೇ ಪಟ್ಟಿ ಬಿಚ್ಚುತ್ತಿದ್ದ ಒಬ್ಬ ಹೆಂಗಸು. ಪ್ಲಾಸ್ಟಿಕ್, ನೈಲಾನ್ ಕಟ್ಟಿದರೆ ಕೊಂಬೆ ಬೆಳೆಯುವಾಗ ಕುತ್ತಿಗೆ ಹಿಸುಕಿದ ಹಾಗಾಗುತ್ತದೆ, ಅದಕ್ಕೇ ತೆಗೆಯುತ್ತೇವೆ ಅಂದರು. ತಾನು ಡ್ರೂಯಿಡ್ ಅಂತಲೂ ಹೇಳಿದರು, ಯಾವ ಗಾಂಭೀರ್ಯವೂ ಇಲ್ಲದೆ. ಕಲಿಯಬೇಕು ಅಂತ ಇದ್ದರೆ ಮೊದಲು ಇತಿಹಾಸ ಓದು, ಆಮೇಲೆ ದುಡ್ಡು ಕಟ್ಟು ಎಂಬ ಬುದ್ಧಿವಾದವೂ ಅವರದೇ.

ಅದನ್ನೇ ನಿಮಗೂ ಹೇಳುತ್ತೇನೆ. ಹಳೆಯ ಡ್ರೂಯಿಡರ ಬಗ್ಗೆ ನಮಗೆ ಗೊತ್ತಿರುವುದು ತೀರಾ ಕಡಿಮೆ. ಅವರು ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ, ಬಾಯಿಪಾಠ ಮಾಡಿಸುತ್ತಿದ್ದರು, ಕೆಲವರು 20 ವರ್ಷ ಕಲಿಯುತ್ತಿದ್ದರು ಎಂದು ಜೂಲಿಯಸ್ ಸೀಸರ್ ಬರೆದಿದ್ದಾನೆ. ಅವನೋ ಅವರ ಶತ್ರು. ಓಕ್ ಮರ ಹತ್ತಿ ಚಿನ್ನದ ಕುಡುಗೋಲಿನಿಂದ ಬಂದಳಿಕೆ ಕೊಯ್ಯುತ್ತಿದ್ದರು ಎಂಬುದು ರೋಮನ್ ಲೇಖಕ ಪ್ಲಿನಿ ಬರೆದಿದ್ದು. ಅದಾದ ಮೇಲೆ ಬಹಳ ಕಾಲ ಹೆಚ್ಚೇನೂ ಇಲ್ಲ. ಈಗ ನಾವು ನೋಡುವ ಬಿಳಿ ನಿಲುವಂಗಿ, ಕಲ್ಲಿನ ವೃತ್ತದಲ್ಲಿ ಪೂಜೆ, ಇದೆಲ್ಲ ಹೆಚ್ಚಾಗಿ 18ನೇ ಶತಮಾನದಿಂದ ಈಚೆಗೆ ಕಟ್ಟಿದ್ದು. ಇಯೋಲೋ ಮೊರ್ಗಾನುಗ್ ಎಂಬ ವೇಲ್ಸ್‌ನ ಕಲ್ಲುಕುಟಿಗ 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಮೇಲೆ ಸಭೆ ಸೇರಿಸಿ, ಇದು ಪ್ರಾಚೀನ ವಿಧಿ ಅಂದ. ಅವನು ಹಳೆಯ ಕಾಲದ್ದು ಅಂತ ತೋರಿಸಿದ ಎಷ್ಟೋ ಬರಹಗಳು ಅವನೇ ಬರೆದಿದ್ದು ಅಂತ ಆಮೇಲೆ ಗೊತ್ತಾಯಿತು. ಅಫೀಮಿನ ಅಭ್ಯಾಸವೂ ಇತ್ತು. ಇವತ್ತಿಗೂ ಡ್ರೂಯಿಡರು ಹೇಳುವ ಮುಖ್ಯ ಪ್ರಾರ್ಥನೆ ಅವನದೇ! ಇನ್ನು ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ನಿಂತಿದ್ದು ಸುಮಾರು ಕ್ರಿ.ಪೂ. 2500ರಲ್ಲಿ, ಡ್ರೂಯಿಡರ ಹೆಸರು ಕೇಳಿಬರುವುದಕ್ಕಿಂತ ಎರಡು ಸಾವಿರ ವರ್ಷ ಮೊದಲು.

ನನಗೆ ಇದರಿಂದ ಬೇಸರ ಆಗಲಿಲ್ಲ, ನಿಜ ಹೇಳಬೇಕಂದ್ರೆ ಸಮಾಧಾನವೇ ಆಯಿತು. ಸಾವಿರಾರು ವರ್ಷಗಳ ಗುಪ್ತ ಜ್ಞಾನ ಅಂತ ಹೇಳಿಕೊಂಡು ಬರುವ ವಾಟ್ಸಾಪ್ ಮೆಸೇಜುಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ಇಲ್ಲಿ ಒಳಗಿನವರೇ, ಇದು ಹೊಸದಾಗಿ ಕಟ್ಟಿದ್ದು, ಹಳೆಯದರಿಂದ ಸ್ಫೂರ್ತಿ ಪಡೆದಿದ್ದು ಅಂತ ಬಾಯಿಬಿಟ್ಟು ಹೇಳುತ್ತಾರೆ. ಹಾಗೆ ಹೇಳದವರು ಸಿಕ್ಕರೆ ಮುಂದಕ್ಕೆ ಹೋಗಿ. ನಿಮಗೆ ಬೇಕಿರುವುದು ಪ್ರಾಚೀನ ರಹಸ್ಯವೇ ಆದರೆ ಈ ಪಾಠ ನಿಮಗಲ್ಲ.

ನಾನು ಆರಿಸಿಕೊಂಡಿದ್ದು ಆರ್ಡರ್ ಆಫ್ ಬಾರ್ಡ್ಸ್, ಓವೇಟ್ಸ್ ಆ್ಯಂಡ್ ಡ್ರೂಯಿಡ್ಸ್ ಎಂಬ ಸಂಸ್ಥೆಯ ಅಂಚೆ ಪಾಠ. 1964ರಲ್ಲಿ ರಾಸ್ ನಿಕೋಲ್ಸ್ ಶುರುಮಾಡಿದ ಸಂಸ್ಥೆ ಅದು. ಹೆಸರಿನಲ್ಲೇ ಇರುವಂತೆ ಮೂರು ಹಂತ. ಬಾರ್ಡ್ ಅಂದರೆ ಹಾಡು, ಕತೆ, ಕವಿತೆ. ಓವೇಟ್ ಅಂದರೆ ಮರ, ಮೂಲಿಕೆ, ಹಿರಿಯರು. ಆಮೇಲೆ ಡ್ರೂಯಿಡ್. ಒಂದು ಮುಗಿಯದೆ ಇನ್ನೊಂದಕ್ಕೆ ಬಿಡುವುದಿಲ್ಲ. ಪಾಠಗಳಿಗೆ ವೆಲ್ಶ್ ಭಾಷೆಯಲ್ಲಿ ಗ್ವೆರ್ಸಿ ಅಂತ ಹೆಸರು. ಅದರ ಒಳಗಿರುವುದನ್ನು ಹೊರಗೆ ಹಂಚಬೇಡಿ ಅಂತ ಕೇಳಿಕೊಳ್ಳುತ್ತಾರೆ, ಹಾಗಾಗಿ ಇಲ್ಲಿ ಪಾಠದ ಸಾಲುಗಳು ಸಿಗುವುದಿಲ್ಲ.

ಕಾಗದಪತ್ರ ಏನೂ ಬೇಡ. ವೀಸಾ ಫಾರ್ಮು ತುಂಬಿ ತುಂಬಿ ಅಭ್ಯಾಸವಾಗಿದ್ದ ನಾನು ಪಾಸ್‌ಪೋರ್ಟು, ವಿಳಾಸದ ಪುರಾವೆ ಎಲ್ಲ ಸ್ಕ್ಯಾನ್ ಮಾಡಿ ಇಟ್ಟುಕೊಂಡು ಕೂತಿದ್ದೆ. ಅವರು ಕೇಳಿದ್ದು ಹೆಸರು, ವಿಳಾಸ, ಇಮೇಲ್, ಪಾಠ ಕಾಗದದಲ್ಲಿ ಬೇಕೋ ಆನ್‌ಲೈನ್ ಬೇಕೋ, ಅಷ್ಟೇ. ಧರ್ಮ ಬಿಡುವ ಮಾತೇ ಇಲ್ಲ. ಇದರಲ್ಲಿ ಕ್ರೈಸ್ತರೂ ಇದ್ದಾರೆ, ದೇವರನ್ನು ನಂಬದವರೂ ಇದ್ದಾರೆ. ನಾನು ಸರಕಾರಿ ಫಾರ್ಮುಗಳಲ್ಲಿ ಈಗಲೂ ಹಿಂದೂ ಅಂತಲೇ ಬರೆಯುವುದು. ಇದನ್ನು ಮುಗಿಸಿದರೆ ಯಾವ ಕಚೇರಿಯಲ್ಲೂ ಉಪಯೋಗಕ್ಕೆ ಬರುವ ಸರ್ಟಿಫಿಕೇಟ್ ಸಿಗುವುದಿಲ್ಲ, ಅದೂ ಗೊತ್ತಿರಲಿ. ಸುಮ್ನೆ ಮಾಹಿತಿಗೆ: 2010ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾರಿಟಿ ಕಮಿಷನ್, ಡ್ರೂಯಿಡ್ ನೆಟ್‌ವರ್ಕ್ ಎಂಬ ಬೇರೊಂದು ಸಂಘವನ್ನು ಧಾರ್ಮಿಕ ಸಂಸ್ಥೆಯಾಗಿ ನೋಂದಾಯಿಸಿಕೊಂಡಿತು. ಅಂದರೆ ಕಳ್ಳತನದಲ್ಲಿ ಮಾಡುವಂಥದ್ದೇನಲ್ಲ.

ದುಡ್ಡಿನ ವಿಷಯ. ಒಂದು ಹಂತಕ್ಕೆ ಕೆಲವು ನೂರು ಪೌಂಡ್ ಅಂತ ಇಟ್ಟುಕೊಳ್ಳಿ, ಕಂತಿನಲ್ಲೂ ಕಟ್ಟಬಹುದು. ಬೆಲೆ ಬದಲಾಗುತ್ತಿರುತ್ತದೆ, ಸೇರುವ ದಿನ ನೋಡಿಕೊಳ್ಳುವುದು ಒಳ್ಳೆಯದು. ಪಾಠಕ್ಕಿಂತ ಜಾಸ್ತಿ ಕಚ್ಚಿದ್ದು ಮೇಲುಖರ್ಚು. ನೀರು ಒಳಗಿಳಿಯದ ಬೂಟು, ಒಳ್ಳೆಯ ಮಳೆ ಜಾಕೆಟ್ಟು, ಮರ ಗುರುತಿಸುವ ಪುಸ್ತಕ, ಬಸ್ಸು, ರೈಲು. ಬೂಟಿನಲ್ಲಿ ಚೌಕಾಸಿ ಮಾಡಬೇಡಿ. ಬಿಳಿ ನಿಲುವಂಗಿ ಮಾತ್ರ ಕೊಳ್ಳಬೇಡಿ. ಆನ್‌ಲೈನಿನಲ್ಲಿ ಬೇಕಾದಷ್ಟು ಇವೆ, ಆದರೆ ಅದಿಲ್ಲದೆಯೇ ನನ್ನ ಪಾಠ ಪೂರ್ತಿ ನಡೆಯಿತು. ಏವ್‌ಬರಿಯಲ್ಲಿ ಜೀನ್ಸ್ ಹಾಕಿದವರೇ ಜಾಸ್ತಿ.

ಮೊದಲ ಕಟ್ಟು ಬರುವುದಕ್ಕೆ ಕಾದೆ, ಕಾದೆ. ಕೊನೆಗೆ ನೋಡಿದರೆ ಅದು ಪಕ್ಕದ ಮನೆಯಲ್ಲಿ ಎಷ್ಟೋ ದಿನದಿಂದ ಕೂತಿತ್ತು. ಆ ಮನೆಯ ಅಜ್ಜಿ ನನ್ನ ಕೈಗೆ ಕೊಡುವಾಗ ಲಕೋಟೆಯ ಮೇಲಿನ ಸಂಸ್ಥೆಯ ಹೆಸರನ್ನು ಗಟ್ಟಿಯಾಗಿ ಓದಿ, ನನ್ನ ಮುಖ ಒಮ್ಮೆ ನೋಡಿ, ಟೀ ಕುಡಿಯುತ್ತೀಯಾ ಅಂದರು. ಗೆಳೆತನ ಶುರುವಾಗಿದ್ದು ಹಾಗೆ.

ಶುರುವಿನಲ್ಲೇ ಒಂದು ವಿಧಿ ಒಬ್ಬರೇ ಮಾಡಬೇಕು. ನಾಲ್ಕು ದಿಕ್ಕಿಗೂ ಶಾಂತಿ ಕೋರಬೇಕು. ಪೂರ್ವಕ್ಕೆ ಗಿಡುಗ, ದಕ್ಷಿಣಕ್ಕೆ ಸಾರಂಗ, ಪಶ್ಚಿಮಕ್ಕೆ ಸಾಲ್ಮನ್ ಮೀನು, ಉತ್ತರಕ್ಕೆ ಕರಡಿ. ನಾನು ಹೊರಗೆ ಮಳೆ ಅಂತ ಒಳಗೇ ಮಾಡಲು ಹೋಗಿ ಊದುಬತ್ತಿ ಹಚ್ಚಿದೆ. ಬಾಡಿಗೆ ಮನೆಯ ಹೊಗೆ ಅಲಾರಾಂ ಹೊಡೆದುಕೊಳ್ಳತೊಡಗಿತು. ನಮ್ಮವರು ಕುರ್ಚಿ ಹತ್ತಿ ಅದಕ್ಕೆ ಟವೆಲ್ ಬೀಸುತ್ತಾ ನಿಂತರು, ನಾನು ಕೈಯಲ್ಲಿ ಪುಸ್ತಕ ಹಿಡಿದು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದೆ. ಬಾಡಿಗೆ ಮನೆಯಲ್ಲಿರುವವರು ಬ್ಯಾಟರಿ ದೀಪ ಇಟ್ಟುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಪಾಠಕ್ಕೊಬ್ಬ ಮಾರ್ಗದರ್ಶಕರು ಇರುತ್ತಾರೆ. ಅವರು ಗುರುವಲ್ಲ, ನಮ್ಮ ಹಾಗೇ ಮೊದಲು ಕಲಿತವರು. ಬರೆದರೆ ಉತ್ತರಿಸುತ್ತಾರೆ, ಬರೆಯದಿದ್ದರೆ ಬೆನ್ನು ಹತ್ತುವುದಿಲ್ಲ. ನನ್ನ ಮೊದಲ ಪತ್ರಕ್ಕೆ ಉತ್ತರ ಬರಲು ಕೆಲವು ವಾರ ಹಿಡಿಯಿತು. ಬಂದಾಗ ಅದರಲ್ಲಿ ಸರಿ ತಪ್ಪು ಏನೂ ಇರಲಿಲ್ಲ, ಬರೀ ಪ್ರಶ್ನೆಗಳು. ಕೂತಾಗ ನೆಲ ಒದ್ದೆ ಇತ್ತಾ? ಯಾವ ಹಕ್ಕಿ ಮೊದಲು ಕೂಗಿತು? ಮಾರ್ಕ್ಸ್ ಆದರೂ ಕೊಡಿ ಮಾರಾಯರೇ ಅನ್ನಿಸಿಬಿಟ್ಟಿತು. ಶಾಲೆಯಲ್ಲಿ ರ‍್ಯಾಂಕಿನ ಹಿಂದೆ ಓಡಿ ಬೆಳೆದವರಿಗೆ ಇದು ನಿಜಕ್ಕೂ ಕಷ್ಟ.

ಪಾಠದ ಬಹುಪಾಲು ಓದುವುದಲ್ಲ. ಒಂದು ಜಾಗ ಹಿಡಿಯಬೇಕು, ಅಲ್ಲಿಗೇ ಹೋಗಬೇಕು. ನಾನು ಆರಿಸಿಕೊಂಡಿದ್ದು ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಕಾಲುದಾರಿಯ ಅಂಚಿನಲ್ಲಿದ್ದ ಒಂದು ಆ್ಯಶ್ ಮರ. ಅದು ಆ್ಯಶ್ ಅಂತ ಗೊತ್ತಾಗಿದ್ದೂ ಚಳಿಗಾಲ ಬಂದ ಮೇಲೆ. ಎಲೆ ಉದುರಿದ ಕಡ್ಡಿಗಳ ತುದಿಯಲ್ಲಿ ಮೊಗ್ಗುಗಳು ಜೋಡಿ ಜೋಡಿಯಾಗಿ, ಕಾಡಿಗೆ ಬಳಿದ ಹಾಗೆ ಕಪ್ಪಗೆ ಇದ್ದವು. ಮುಟ್ಟಿದರೆ ಮೊಗ್ಗಿನ ಮೈ ಸ್ವಲ್ಪ ಒರಟು. ಬೇರೆ ಯಾವ ಮರಕ್ಕೂ ಇಲ್ಲಿ ಅಂಥ ಮೊಗ್ಗಿಲ್ಲ. ವಸಂತದಲ್ಲಿ ತೀರಾ ತಡವಾಗಿ ಚಿಗುರುವ ಮರ ಇದು. ಹಾಥಾರ್ನ್ ಹೂ ಬಿಟ್ಟು ಬೇಲಿಯೆಲ್ಲ ಬೆಳ್ಳಗಾದರೂ ಇದು ಬೋಳಾಗಿಯೇ ನಿಂತಿರುತ್ತದೆ. ಎದ್ದೇಳು ಮಾರಾಯ್ತಿ, ಮೇ ತಿಂಗಳು ಬಂತು ಅಂತ ನಾನೇ ಬೈದಿದ್ದಿದೆ. ಕಾಲುದಾರಿಯಲ್ಲಿ ನಾಯಿ ಅಡ್ಡಾಡಿಸುವವರು ಬರುತ್ತಾರೆ, ಅವರ ಮುಂದೆ ಮರದ ಹತ್ತಿರ ಸುಮ್ಮನೆ ಕೂರುವುದು ಮೊದಮೊದಲು ಭಾರಿ ಮುಜುಗರ. ಕೈಯಲ್ಲೊಂದು ಫ್ಲಾಸ್ಕ್ ಇದ್ದರೆ ಯಾರೂ ಏನೂ ಕೇಳುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣಿಯ ಕಾಟ ಇದೆ, ಮನೆಗೆ ಬಂದು ಮೊಣಕಾಲಿನ ಹಿಂದೆ, ಸೊಂಟದ ಪಟ್ಟಿಯ ಒಳಗೆ ನೋಡಿಕೊಳ್ಳಿ. ಅದರಿಂದ ಲೈಮ್ ಕಾಯಿಲೆ ಬರಬಹುದು. ಇನ್ನೊಂದು, ಚರ್ಚಿನ ಅಂಗಳದಲ್ಲಿ ಕಾಣುವ ಯೂ ಮರದ ಎಲೆ, ಬೀಜ ಎರಡೂ ವಿಷ. ಮಕ್ಕಳನ್ನು ಕರೆದುಕೊಂಡು ಹೋಗುವವರು ಹುಷಾರು.

ಒಂದು ಶರತ್ಕಾಲ ಹೋದಾಗ ಮರದ ಕಾಂಡದ ಮೇಲೆ ಕಿತ್ತಳೆ ಬಣ್ಣದ ಗುರುತು ಹಾಕಿದ್ದರು. ಆ್ಯಶ್ ಡೈಬ್ಯಾಕ್ ಅಂತ ಒಂದು ಶಿಲೀಂಧ್ರ ರೋಗ, 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾಯಿತು. ಇಲ್ಲಿನ ಆ್ಯಶ್ ಮರಗಳಲ್ಲಿ ಶೇ. 80ರವರೆಗೂ ಹೋಗಬಹುದು ಅಂತ ಅಂದಾಜಿದೆ. ತುದಿ ಕೊಂಬೆಗಳು ಒಣಗಿದ್ದನ್ನು ನಾನು ನೋಡಿದ್ದೆ, ಬರೆದೂ ಇಟ್ಟಿದ್ದೆ. ರೋಗದ ಮರ ಸುಲಭವಾಗಿ ಮುರಿಯುವಂತಾಗಿ ಯಾರ ತಲೆ ಮೇಲಾದರೂ ಬೀಳುತ್ತದೆ, ದಾರಿ ಪಕ್ಕದ್ದನ್ನು ಕಡಿಯಲೇಬೇಕು. ಅದೆಲ್ಲ ತಲೆಗೆ ಅರ್ಥವಾಗುತ್ತದೆ. ಕಡಿದ ಮೇಲೆ ಹೋದೆ. ಬುಡದ ಕಡಿತ ತಿಳಿ ಬಣ್ಣಕ್ಕೆ ಹಸಿಹಸಿಯಾಗಿತ್ತು, ಒಂದು ಬದಿಯಿಂದ ಕಂದು ಕಲೆ ಒಳಕ್ಕೆ ಇಳಿದಿತ್ತು. ಸುತ್ತ ಗರಗಸದ ಹೊಟ್ಟು. ನಾನು ಕೂರುತ್ತಿದ್ದ ಬೇರಿನ ಮೇಲೆ ಟ್ರ್ಯಾಕ್ಟರಿನ ಚಕ್ರ ಹೋಗಿತ್ತು.

ಅಳು ಬಂತು. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಎಲ್ಲ ಕೇಳಿ, "ನಮ್ಮ ನಾಗಬನದ ಮರ ಕಡಿದು ಸಿಮೆಂಟು ಕಟ್ಟೆ ಮಾಡಿದರಲ್ಲ ಮಾರಾಯ್ತಿ, ಆಗ ನೀನು ಒಂದು ಹನಿ ಕಣ್ಣೀರು ಹಾಕಿದ್ದು ನಾನು ನೋಡಲಿಲ್ಲ" ಅಂದಳು. ಬೈದಿದ್ದಲ್ಲ, ಇದ್ದದ್ದು ಹೇಳಿದಳು. ನಮ್ಮ ಕುಟುಂಬದ ಬನದಲ್ಲಿ ಒಣಕಡ್ಡಿಯನ್ನೂ ಮುಟ್ಟುತ್ತಿರಲಿಲ್ಲ. ದಾಟಿ ಹೋಗುವಾಗ ಅಜ್ಜಿ ಮಾತು ನಿಲ್ಲಿಸುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ಜೀರ್ಣೋದ್ಧಾರ ಅಂತ ಮಾಡಿ ಬಳ್ಳಿ, ಮರ ಎಲ್ಲ ತೆಗೆದು ಟೈಲ್ಸ್ ಹಾಕಿದರು. ನಮ್ಮ ಕರಾವಳಿಯಲ್ಲಿ ಹೀಗಾದ ಬನಗಳು ಎಷ್ಟೋ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ ಅಂತ ಲೆಕ್ಕ, ಅಲ್ಲೂ ಒತ್ತುವರಿಯ ತಂಟೆ ಮುಗಿದಿಲ್ಲ. ರೋಮನ್ನರು ಡ್ರೂಯಿಡರ ಬನ ಕಡಿದರು ಅಂತ ಊರಿಂದ ಸಾವಿರಾರು ಮೈಲಿ ದೂರ ಕೂತು ಓದಿ ಮರುಗುತ್ತಿದ್ದ ನನಗೆ ಅಮ್ಮನ ಮಾತು ಸರಿಯಾಗಿ ತಾಗಿತು. ಕೆಲವು ತಿಂಗಳು ಪಾಠದ ಕಟ್ಟುಗಳನ್ನು ತೆರೆಯಲೇ ಇಲ್ಲ.

ಪಾಠ ನಿಂತರೆ ಯಾರೂ ಹೆಸರು ತೆಗೆದುಹಾಕುವುದಿಲ್ಲ. ಗಡುವೇ ಇಲ್ಲ. ಇದು ಅನುಕೂಲವೂ ಹೌದು, ಅಪಾಯವೂ ಹೌದು, ಬಿಟ್ಟರೆ ಬಿಟ್ಟೇಹೋಗುತ್ತದೆ. ನಾನು ಕೊನೆಗೆ ಮಾರ್ಗದರ್ಶಕರಿಗೆ ಮರದ ವಿಷಯವೂ ನಾಗಬನದ ವಿಷಯವೂ ಸೇರಿಸಿ ಉದ್ದ ಪತ್ರ ಬರೆದೆ. ಈ ಸಲ ಉತ್ತರ ಬೇಗ ಬಂತು, ಚಿಕ್ಕದಾಗಿತ್ತು. ಬುಡ ಇನ್ನೂ ಅಲ್ಲೇ ಇದೆಯಲ್ಲ, ಅಲ್ಲಿಗೇ ಹೋಗು ಅಂತ. ಹೋದೆ. ಬೇಸಿಗೆಗೆ ಬುಡದ ಅಂಚಿನಿಂದ ಹೊಸ ಚಿಗುರು ಎದ್ದಿತ್ತು. ಅವೂ ಮತ್ತೆ ಒಣಗಬಹುದು, ಬದುಕಿದರೂ ಬದುಕಬಹುದು. ಕೊನೆಯ ವರದಿಯಲ್ಲಿ ನಾನು ಹೆಚ್ಚು ಬರೆದಿದ್ದು ಆ ಬುಡದ ಬಗ್ಗೆಯೇ.

ಇದೆಲ್ಲ ಒಂಟಿ ಕೆಲಸ. ಜನ ಬೇಕು ಅನ್ನಿಸಿದರೆ ಹಬ್ಬಗಳಿಗೆ ಹೋಗಿ. ವರ್ಷಕ್ಕೆ ಎಂಟು: ಎರಡು ಅಯನ (ಹಗಲು ಅತಿ ಉದ್ದ, ಅತಿ ಚಿಕ್ಕ ಇರುವ ದಿನಗಳು), ಎರಡು ವಿಷುವ (ಹಗಲು ರಾತ್ರಿ ಸಮ ಇರುವ ದಿನಗಳು), ಇವುಗಳ ಮಧ್ಯೆ ಬರುವ ನಾಲ್ಕು ಹಬ್ಬಗಳಾದ ಸಾವಿನ್, ಇಂಬೋಲ್ಕ್, ಬೆಲ್ಟೇನ್, ಲೂನಸಾ. ಏವ್‌ಬರಿಯಲ್ಲಿ ಯಾರು ಬೇಕಾದರೂ ಸೇರಿಕೊಳ್ಳಬಹುದಾದ ಕೂಟಗಳು ನಡೆಯುತ್ತವೆ. ಕೈ ಕೈ ಹಿಡಿದು ವೃತ್ತವಾಗಿ ನಿಂತು "ಆವೆನ್" ಅಂತ ಎಳೆದು ಹೇಳುತ್ತಾರೆ, ವೆಲ್ಶ್‌ನಲ್ಲಿ ಸ್ಫೂರ್ತಿ ಅಂತ ಅರ್ಥ. ಬ್ರೆಡ್ಡು ಮತ್ತು ಜೇನಿನಿಂದ ಮಾಡಿದ ಮೀಡ್ ಎಂಬ ಮದ್ಯ ಕೈಯಿಂದ ಕೈಗೆ ಹೋಗುತ್ತದೆ. ಕುಡಿಯದವರು ಸುಮ್ನೆ ಮುಂದಕ್ಕೆ ದಾಟಿಸಬಹುದು. ಮಾಟಮಂತ್ರ ಹುಡುಕುವವರಿಗೆ ನಿರಾಸೆ ಗ್ಯಾರಂಟಿ. ನಾನು ಹೋದ ಕಡೆಯೆಲ್ಲ ಹೆಚ್ಚು ಚರ್ಚೆ ಆಗಿದ್ದು ಪಾರ್ಕಿಂಗ್ ಮತ್ತು ಮೊಣಕಾಲು ನೋವಿನ ಬಗ್ಗೆ.

ವಿಧಿ ಮುಗಿದ ಮೇಲೆ ಐಸ್ಟೆಡ್‌ವೊಡ್ ಅಂತ ಮಾಡುತ್ತಾರೆ, ಅಂದರೆ ಒಬ್ಬೊಬ್ಬರೇ ಎದ್ದು ಹಾಡೋ ಕತೆಯೋ ಹೇಳುವುದು. ಬಾರ್ಡ್ ಪಾಠದವಳು ಅಂತ ಗೊತ್ತಾದರೆ ಬಿಡುವುದಿಲ್ಲ. ನನಗೆ ಇಂಗ್ಲಿಷಿನಲ್ಲಿ ಏನೂ ಬರುವುದಿಲ್ಲ, ಅಜ್ಜಿ ಹೇಳುತ್ತಿದ್ದ ಒಂದು ಶೋಭಾನೆ ಹಾಡಿದೆ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಎರಡನೇ ಚರಣ ಮರೆತು ಮೊದಲನೆಯದನ್ನೇ ಮತ್ತೆ ಹಾಡಿದೆ. ಯಾರಿಗೂ ಗೊತ್ತಾಗಲಿಲ್ಲ. ಗಡ್ಡದ ಮುದುಕರೊಬ್ಬರು ಬಂದು, ಇದನ್ನು ಯಾರಿಗೆ ಹಾಡುವುದು ಅಂತ ಕೇಳಿದರು. ಮದುಮಗಳಿಗೆ ಅಂದೆ. ಮುಂದಿನ ಬೆಲ್ಟೇನ್‌ಗೆ ಅವರ ಮಗಳ ಮದುವೆ ಇತ್ತು. ಹೋಗಿ ಹಾಡಿ ಬಂದೆ, ಊಟವೂ ಚೆನ್ನಾಗಿತ್ತು.

ಸ್ಟೋನ್‌ಹೆಂಜ್ ಬಗ್ಗೆ ಎಲ್ಲರೂ ಕೇಳುತ್ತೀರಿ. ಸಾಮಾನ್ಯ ದಿನಗಳಲ್ಲಿ ಕಲ್ಲಿನ ಮಧ್ಯೆ ಬಿಡದಿದ್ದರೂ ಜೂನ್ ಅಯನದ ರಾತ್ರಿ ಆ ಜಾಗ ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್‌ನವರು ಪ್ರವೇಶ ಉಚಿತ ಮಾಡುತ್ತಾರೆ, ಪಾರ್ಕಿಂಗ್‌ಗೆ ಮಾತ್ರ ದುಡ್ಡು. ಸಾಲ್ಸ್‌ಬರಿಯಿಂದ ಬಸ್ಸು ಇರುತ್ತದೆ. ಸೂರ್ಯ ಐದು ಗಂಟೆಗೆ ಮುಂಚೆಯೇ ಹುಟ್ಟುತ್ತಾನೆ. ಮದ್ಯ ಒಳಗೆ ಬಿಡುವುದಿಲ್ಲ. ಸಾವಿರಾರು ಜನ, ಡೋಲು, ಎಲ್ಲರ ಕೈಯಲ್ಲೂ ಎತ್ತಿ ಹಿಡಿದ ಫೋನು. ಒಂದು ಸಲ ಜಾತ್ರೆ ನೋಡಲು ಹೋಗಿ, ಪ್ರಕೃತಿಯ ಜೊತೆ ಮೌನ ಬೇಕು ಅಂತ ಹೋಗಬೇಡಿ.

ನನಗೆ ಜಾಸ್ತಿ ತಟ್ಟಿದ್ದು ವೇಲ್ಸ್‌ನ ಆಂಗಲ್‌ಸೀ ದ್ವೀಪ. ಕ್ರಿ.ಶ. 60ರ ಹೊತ್ತಿಗೆ ರೋಮನ್ ಸೈನ್ಯ ಅಲ್ಲಿಗೆ ದಾಟಿ ಬನಗಳನ್ನು ಕಡಿಸಿತು ಅಂತ ರೋಮನ್ ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ದಡದಲ್ಲಿ ಡ್ರೂಯಿಡರು ಕೈ ಮೇಲೆತ್ತಿ ಶಾಪ ಹಾಕುತ್ತಿದ್ದರಂತೆ. ಅಲ್ಲಿ ವಿಮಾನ ನಿಲ್ದಾಣದ ಪಕ್ಕ ಲಿನ್ ಕೆರಿಗ್ ಬಾಕ್ ಅಂತ ಒಂದು ಚಿಕ್ಕ ಕೆರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರನ್‌ವೇ ಕೆಲಸಕ್ಕೆ ಅಲ್ಲಿನ ಕೆಸರು ತೆಗೆಯುವಾಗ ಕಬ್ಬಿಣದ ಸರಪಳಿ ಸಿಕ್ಕಿತು. ಕೆಲಸದವರು ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ, ಹೂತುಹೋದ ಲಾರಿ ಎಳೆದರು. ಸರಪಳಿ ತುಂಡಾಗಲಿಲ್ಲ. ಆಮೇಲೆ ನೋಡಿದರೆ ಅದು ಸುಮಾರು 2,000 ವರ್ಷದ ಹಿಂದೆ ಗುಲಾಮರ ಕುತ್ತಿಗೆಗೆ ಹಾಕುತ್ತಿದ್ದ ಸರಪಳಿ. ಕೆರೆಗೆ ಕಾಣಿಕೆಯಾಗಿ ಹಾಕಿದ್ದ ಕತ್ತಿ, ಈಟಿ, ರಥದ ಭಾಗಗಳೂ ಸಿಕ್ಕವು. ಮರವನ್ನು ಪೂಜಿಸುತ್ತಿದ್ದ ಕಾಲ ಅಂದಕೂಡಲೇ ಎಲ್ಲ ಹೂವು ಹಕ್ಕಿ ಅಂತ ಕನಸು ಕಾಣುವವರು ಆ ಸರಪಳಿಯ ವಿಷಯವನ್ನೂ ಓದಬೇಕು. ಅದೇ ದ್ವೀಪದ ಬ್ರಿನ್ ಕೆಲ್ಲಿ ದೀ ಎಂಬ ಗೋರಿಯೊಳಗೆ ಜೂನ್ ಅಯನದ ಬೆಳಗಿನ ಬಿಸಿಲು ನೇರ ಒಳಗೋಡೆಗೆ ಬೀಳುತ್ತದೆ. ಹೋಗುವ ದಾರಿ ಹೊಲದ ಪಕ್ಕದ್ದು. ನಾನು ಹೇಳಿದ ಬೂಟು ಬೇಕಾಗುವುದು ಇಲ್ಲೇ.

ಓವೇಟ್ ಹಂತಕ್ಕೆ ಈ ವರ್ಷ ಸೇರುತ್ತಿಲ್ಲ. ದುಡ್ಡು ಒಂದು ಕಾರಣ, ಊರಿಗೆ ಹೋಗುವುದಿದೆ ಎಂಬುದು ಇನ್ನೊಂದು. ನಮ್ಮ ಬನದ ಕಟ್ಟೆಯ ಹಿಂದೆ ಸ್ವಲ್ಪ ಜಾಗ ಟೈಲ್ಸ್ ಇಲ್ಲದೆ ಉಳಿದಿದೆಯಂತೆ. ಅಲ್ಲಿ ಗಿಡ ನೆಡಬಹುದಾ ಅಂತ ಅಮ್ಮ ಕುಟುಂಬದವರ ಹತ್ತಿರ ಕೇಳಿದ್ದಾಳೆ. ದೊಡ್ಡಪ್ಪ ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು ನೋಡೋಣ ಅಂದಿದ್ದಾರೆ, ಚಿಕ್ಕಪ್ಪನಿಗೆ ಎಲೆ ಗುಡಿಸುವವರು ಯಾರು ಎಂಬ ಚಿಂತೆ.

ಊರಲ್ಲೇ ಇದ್ದು ಈ ಪಾಠ ಮಾಡುವ ಆಸೆ ಇರುವವರಿಗೆ ಒಂದು ಮಾತು. ಆನ್‌ಲೈನ್ ಪ್ರತಿ ತಗೊಳ್ಳಿ. ಪಾಠದ ಹಬ್ಬಗಳು ಇಲ್ಲಿನ ಹವೆಗೆ ಹೊಂದಿಕೊಂಡಿವೆ, ಫೆಬ್ರವರಿಯಲ್ಲಿ ಸ್ನೋಡ್ರಾಪ್ ಹೂವು, ಕುರಿಮರಿ ಅಂತೆಲ್ಲ ಬರುತ್ತದೆ. ನಿಮ್ಮಲ್ಲಿ ಆಗ ಮಾವು ಹೂ ಬಿಟ್ಟಿರುತ್ತದೆ, ಮುತ್ತುಗ ಕೆಂಪಾಗಿರುತ್ತದೆ. ಅದನ್ನೇ ಬರೆದು ಕಳಿಸಿ, ಮಾರ್ಗದರ್ಶಕರು ಖುಷಿಯಿಂದ ಓದುತ್ತಾರೆ. ಓಕ್ ಸಿಗಲಿಲ್ಲ ಅಂತ ನರ್ಸರಿಯಲ್ಲಿ ಹುಡುಕಲು ಮಾತ್ರ ಹೋಗಬೇಡಿ.